ನೆಯ್ಗೆಯ ಹುಟ್ಟುನೆಲ: ಜಮಖಂಡಿ-ಮುಧೋಳ ಸೀಮೆಯ ಕೈಕಸಬಿನ ವಿಚಾರ

ಒಂದು ಕೈಕಸಬು ಇಂಥ ಊರಿನದೆಂದು ಹೇಳುವಾಗ ನಾವು ನಿಜವಾಗಿ ಏನನ್ನು ಹೇಳುತ್ತೇವೆ? ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಎಂದು ಊರಿನ ಹೆಸರನ್ನೇ ವಸ್ತುವಿಗೆ ವಿಶೇಷಣವಾಗಿ ಕೂಡಿಸುವದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಷಷ್ಠೀವಿಭಕ್ತಿಯು ಸಂಬಂಧವುಂಟೆಂಬುದನ್ನು ಮಾತ್ರ ತಿಳಿಸುವದು. ಆ ಸಂಬಂಧವು ಎಂಥದೆಂಬುದನ್ನು ತಿಳಿಸದು. ಪಾಣಿನಿಯು ಊರಿನ ಹೆಸರಿನ ಮೇಲೆ ಬರುವ ತದ್ಧಿತಪ್ರತ್ಯಯಗಳಿಗೆ, ಅಲ್ಲಿ ಹುಟ್ಟಿದ್ದು, ಅಲ್ಲಿಂದ ಬಂದದ್ದು, ಅಲ್ಲಿ ಇರುವಂಥದು ಎಂದು ಬೇರೆ ಬೇರೆ ಅರ್ಥಗಳನ್ನು ವಿಂಗಡಿಸಿ ವಿಧಿಸಿರುವನು. ಪೇಟೆಯ ಮಾತಿನಲ್ಲಿ ಈ ವಿವೇಕವು ಉಳಿಯುವದಿಲ್ಲ. ಆದುದರಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ರೂಢವಾಗಿರುವ ನೆಯ್ಗೆಯನ್ನು ಮುಂದಿಟ್ಟುಕೊಂಡು, ಕಸಬಿನ ಹುಟ್ಟುನೆಲವೆಂಬುದು ಯಾವುದರಲ್ಲಿ ನೆಲೆಸಿರುವದೆಂಬುದನ್ನು ವಿಚಾರಿಸುವದು ಈ ಲೇಖನದ ಉದ್ದೇಶ.

ಮೊದಲು ಸೀಮೆಯ ಪರಿಚಯವನ್ನು ಮಾಡಿಕೊಡುವದು ಅವಶ್ಯ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಈ ಕರಿನೆಲವು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆ ಜಿಲ್ಲೆಯು ವಿಜಾಪುರದಿಂದ ಬೇರೆಯಾದದ್ದು ೧೯೯೭ರಲ್ಲಿ. ಆದರೆ ೧೯೪೮ರ ವಿಲೀನೀಕರಣದ ವರೆಗೆ ಇಲ್ಲಿ ಅನೇಕ ಆಳಿಕೆಗಳಿದ್ದವು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ರಬಕವಿ-ಬನಹಟ್ಟಿಗಳು ಒಂದಕ್ಕೊಂದು ತಗಲಿದ ಊರುಗಳು. ಇಂದು ಅವುಗಳಿಗೆ ಒಂದೇ ನಗರಸಭೆ. ಅಂದಾದರೋ ಬನಹಟ್ಟಿಯು ಜಮಖಂಡಿ ಸಂಸ್ಥಾನದ್ದು, ರಬಕವಿಯು ಸಾಂಗಲಿ ಸಂಸ್ಥಾನದ್ದು. ಹೀಗೆ ರಾಜ್ಯಗಳ ಗಡಿಯು ಮಗ್ಗಗಳ ನಡುವೆಯೇ ಹಾದುಹೋಗಿದ್ದರೂ ಇಲ್ಲಿಯ ಉಡಿಗೆ ಒಂದೇ ಆಗಿತ್ತು, ನೇಕಾರರ ನುಡಿಯೂ ಒಂದೇ ಆಗಿತ್ತು. ಕಸಬಿನ ಸೀಮೆಯನ್ನು ಅರಸರ ಸೀಮೆಯಿಂದ ಅಳೆಯಲಾಗದೆಂಬುದಕ್ಕೆ ಇದು ಮೊದಲನೆಯ ನಿದರ್ಶನ.

ಸಾಹಿತ್ಯದ ಅಭ್ಯಾಸಿಗಳಿಗೆ ಮುಧೋಳವು ರನ್ನನ ಊರು. ಕ್ರಿ.ಶ. ೯೪೯ರಲ್ಲಿ ಹುಟ್ಟಿದ ಆ ಕವಿಚಕ್ರವರ್ತಿಯು ತಾನು ಬಳೆಗಾರರ ಮನೆತನದವನೆಂಬುದನ್ನು ಮರೆಮಾಡಲಿಲ್ಲ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಊರು ಮುದುವೊಳಲು ಎಂಬ ವಿವರಗಳು ಅವನಿಂದಲೇ ನಮಗೆ ದೊರೆತಿವೆ. ಕಸಬಿನ ಮನೆಯಿಂದ ಕಾವ್ಯಕ್ಕೆ ದಾರಿಯಿದ್ದ ನಾಡು ಇದು. ಕಾವ್ಯದವರು ಕಸಬಿನ ಕಡೆಗೆ ತಿರುಗಿ ನೋಡುವದು ಋಣವಿಮೋಚನೆಯೇ ಹೊರತು ವಿಷಯಾಂತರವಲ್ಲ.

ಇನ್ನು ಪ್ರಸ್ತುತ ವಿಚಾರ. ನ್ಯಾಯಶಾಸ್ತ್ರವನ್ನು ಓದತೊಡಗುವ ಬಾಲಕನಿಗೆ ಗುರುವು ಮೊದಲು ಕೊಡುವ ಉದಾಹರಣೆಗಳಲ್ಲಿ ಬಟ್ಟೆಯೂ ಒಂದು. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಕಾರಣವು ಮೂರು ವಿಧವಾಗಿ ಹೇಳಲ್ಪಟ್ಟಿದೆ. ಬಟ್ಟೆಗೆ ನೂಲು ಸಮವಾಯಿಕಾರಣ. ಏಕೆಂದರೆ ಬಟ್ಟೆಯು ನೂಲಿನಲ್ಲಿಯೇ ಸೇರಿ ಹುಟ್ಟುವದು. ನೂಲುಗಳ ಪರಸ್ಪರ ಸಂಯೋಗವು ಅಸಮವಾಯಿಕಾರಣ. ಲಾಳಿ, ಮಗ್ಗ ಮೊದಲಾದವು ನಿಮಿತ್ತಕಾರಣ. ನೂಲಿನ ರಾಶಿಯೂ ಮಗ್ಗವೂ ಇದ್ದು ಸಂಯೋಗವಿಲ್ಲದಿದ್ದರೆ ಬಟ್ಟೆಯಿಲ್ಲ. ಈ ವಿಭಾಗವನ್ನು ದೃಷ್ಟಾಂತಮಾತ್ರವಾಗಿ ಇಟ್ಟುಕೊಂಡು, ಊರಿನ ಸ್ವಂತಿಕೆಯು ಈ ಮೂರರಲ್ಲಿ ಯಾವುದರಲ್ಲಿ ಇರುವದೆಂದು ಕೇಳೋಣ.

ನೂಲಿನಲ್ಲಿ ಇರುವದೆಂದು ಹೇಳಬಹುದೆ? ಈ ಸೀಮೆಯ ಹೊಲಗಳಲ್ಲಿ ಹತ್ತಿ ಬೆಳೆಯುವದು ನಿಜ. ಆದರೆ ಗಿರಣಿಗಳು ಬಂದಂದಿನಿಂದ ಮಗ್ಗಕ್ಕೇರುವ ನೂಲು ಬಹುಮಟ್ಟಿಗೆ ಹೊರಗಿನದು. ರೇಷ್ಮೆಯು ಬೆಂಗಳೂರು, ರಾಮನಗರಗಳ ಕಡೆಯಿಂದ ಬರುವದು, ಜರಿಯು ಸೂರತ್ತಿನದು, ಬಣ್ಣಗಳು ರಾಸಾಯನಿಕ ಕಾರಖಾನೆಗಳವು. ಇದು ಹೊಸ ಕಾಲದ ಕೇಡೆಂದು ಮರುಗಬೇಕಾಗಿಲ್ಲ. ರಬಕವಿಗೆ ಸಮೀಪದ ತೇರದಾಳದಲ್ಲಿರುವ ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ಉಲ್ಲೇಖವಿದೆ. ದೇಶದೇಶಗಳ ಸರಕನ್ನು ಹೇರಿಕೊಂಡು ತಿರುಗುತ್ತಿದ್ದ ಆ ಸಂಘದವರು ಈ ಸೀಮೆಯಲ್ಲಿ ನಡೆದಾಡಿದ್ದರೆಂದ ಮೇಲೆ, ಇಲ್ಲಿಯ ಕಸಬುಗಳು ತಮ್ಮ ಊರಿನ ಸಾಮಗ್ರಿಯಿಂದಲೇ ಬದುಕಿದವೆಂದು ಭಾವಿಸಲು ಆಧಾರವಿಲ್ಲ. ಆದುದರಿಂದ ಸಮವಾಯಿಕಾರಣದಲ್ಲಿ ಊರು ಕಾಣುವದಿಲ್ಲ.

ಮಗ್ಗದಲ್ಲಿ ಇರುವದೆಂದರೆ ಅದೂ ಸಲ್ಲದು. ನೆಲದಲ್ಲಿ ತಗ್ಗು ತೋಡಿ, ಕಾಲುಗಳನ್ನು ಅದರಲ್ಲಿ ಇಳಿಬಿಟ್ಟು ನೇಯುವ ಕುಣಿಮಗ್ಗವು ಭರತಖಂಡದಲ್ಲೆಲ್ಲ ಇರುವಂಥದು. ಅದರ ಪರಿಭಾಷೆಯು ಮಾತ್ರ ಅಚ್ಚಗನ್ನಡದ್ದು. ಉದ್ದನೆಯ ಎಳೆಗಳಿಗೆ ‘ಹಾಸು’ ಎಂದು ಹೆಸರು. ಇದು ಹರಡು ಎಂಬರ್ಥದ ‘ಪಾಸು’ ಧಾತುವಿನಿಂದ ಬಂದದ್ದು. ಅಡ್ಡನೆಯ ಎಳೆಗೆ ‘ಹೊಕ್ಕು’ ಎಂದು ಹೆಸರು. ಒಳಸೇರು ಎಂಬರ್ಥದ ‘ಪುಗು’ ಧಾತುವಿನ ‘ಪೊಕ್ಕು’ ಎಂಬ ರೂಪವೇ ಅದು. ಹಳಗನ್ನಡದ ಪಕಾರವು ಹಕಾರವಾದ ಕಾಲದಲ್ಲಿ ಈ ಎರಡು ಶಬ್ದಗಳೂ ಜೊತೆಯಾಗಿಯೇ ಮಾರ್ಪಟ್ಟಿವೆ. ಹರಡಿಕೊಂಡದ್ದು ಒಂದು, ಒಳಹೊಕ್ಕದ್ದು ಇನ್ನೊಂದು. ಕ್ರಿಯೆಯನ್ನು ಕಣ್ಣಾರೆ ಕಂಡವರು ಇಟ್ಟ ಹೆಸರುಗಳು ಇವು. ಬೃಹದಾರಣ್ಯಕದಲ್ಲಿ ಗಾರ್ಗಿಯು ಯಾಜ್ಞವಲ್ಕ್ಯನನ್ನು, ಈ ಜಗತ್ತೆಲ್ಲವೂ ಯಾವುದರಲ್ಲಿ ನೆಯ್ದುಕೊಂಡಿದೆಯೆಂದು ಕೇಳುವಾಗ ಬರುವ ಓತಪ್ರೋತಭಾವವನ್ನು ಕನ್ನಡದಲ್ಲಿ ಹೇಳಬೇಕಾದರೆ ‘ಹಾಸುಹೊಕ್ಕು’ ಎಂಬುದಕ್ಕಿಂತ ಹೊಂದುವ ಮಾತಿಲ್ಲ. ಆದರೆ ಈ ಶಬ್ದಗಳು ಕನ್ನಡನಾಡಿಗೆಲ್ಲ ಸಾಮಾನ್ಯವಾದವು. ಬನಹಟ್ಟಿಯನ್ನು ಬೇರೆ ಊರಿನಿಂದ ಬೇರ್ಪಡಿಸಿ ತೋರಿಸಲಾರವು.

ಊರಿನ ಹೆಸರೇ ಸಾಕ್ಷಿಯಾಗಲಾರದೆ ಎಂದು ಕೇಳಬಹುದು. ಹೆಸರು ಸಾಕ್ಷಿಯೇ ಸರಿ. ಆದರೆ ಅದು ನುಡಿಯುವ ಸಾಕ್ಷ್ಯವು ನಾವು ನಿರೀಕ್ಷಿಸಿದ್ದಲ್ಲ. ಗುಳೇದಗುಡ್ಡವೆಂಬ ಹೆಸರನ್ನು ‘ಗುಳೆಯದ ಗುಡ್ಡ’ ಎಂದು ಬಿಡಿಸುವದುಂಟು. ಗುಳೆಯೆಂದರೆ ಜನರು ಊರು ಬಿಟ್ಟು ಹೊರಡುವದು. ಈ ವ್ಯುತ್ಪತ್ತಿಯನ್ನು ಒಪ್ಪಿದರೆ, ಖಣಕ್ಕೆ ಹೆಸರಾದ ಆ ಊರಿನ ನಾಮವೇ ಅಲ್ಲಿಯವರು ಬೇರೆಡೆಯಿಂದ ಬಂದವರೆಂಬುದನ್ನು ಸಾರುವದು. ಇದಕ್ಕೆ ಸರಿಜೋಡಿಯಾದ ಸಂಗತಿಯು ದೂರದ ಜಪಾನಿನಲ್ಲಿದೆ. ಕ್ಯೋಟೋ ನಗರದ ನಿಷಿಜಿನ್ ಎಂಬ ಕೇರಿಯ ರೇಷ್ಮೆಯ ನೆಯ್ಗೆಯು ಜಗತ್ಪ್ರಸಿದ್ಧವಾದದ್ದು. ‘ನಿಷಿಜಿನ್’ ಎಂದರೆ ಪಶ್ಚಿಮದ ಪಾಳೆಯವೆಂದರ್ಥ. ೧೪೬೭ರಿಂದ ೧೪೭೭ರ ವರೆಗೆ ನಡೆದ ಓನಿನ್ ಯುದ್ಧದಲ್ಲಿ ಪಶ್ಚಿಮ ಪಕ್ಷದ ದಂಡು ಆ ಸ್ಥಳದಲ್ಲಿ ಇಳಿದಿತ್ತು. ಯುದ್ಧದಿಂದ ಚದರಿಹೋಗಿದ್ದ ನೇಕಾರರು ತಿರುಗಿ ಬಂದು ಆ ಹಾಳುಪಾಳೆಯದ ನೆಲದಲ್ಲಿ ಮಗ್ಗಗಳನ್ನು ಹೂಡಿದರು. ಬಟ್ಟೆಗೆ ಪಾಳೆಯದ ಹೆಸರೇ ನಿಂತಿತು. ಒಂದೆಡೆ ಗುಳೆ, ಒಂದೆಡೆ ಪಾಳೆಯ. ಊರಿನ ಹೆಸರು ಅನೇಕ ವೇಳೆ ಕಸಬಿನ ಹುಟ್ಟನ್ನಲ್ಲ, ಕಸಬಿನವರ ಬರುವಿಕೆಯನ್ನು ನೆನಪಿನಲ್ಲಿ ಇಟ್ಟುಕೊಂಡಿರುವದು.

ಹೆಸರು ಪೇಟೆಯಿಂದ ಪೇಟೆಗೆ ಹೋಗುವಾಗ ರೂಪವನ್ನೂ ಬದಲಿಸುವದು. ಇಳಕಲ್ಲ ಸೀರೆಯು ಮಹಾರಾಷ್ಟ್ರದಲ್ಲಿ ‘ಇರಕಲ್’ ಆಗಿದೆ. ಮರಾಠಿಯಲ್ಲಿ ‘ಚಂದ್ರಕಳಾ’ ಎನ್ನಿಸುವ ಕಪ್ಪು ಸೀರೆಯು ನಮ್ಮ ಹೆಂಗಸರ ಬಾಯಿಯಲ್ಲಿ ‘ಚಂದ್ರಕಾಳಿ’. ಎರಡು ನುಡಿಗಳ ಗಡಿಯಲ್ಲಿರುವ ಈ ಸೀಮೆಯಲ್ಲಿ ಉಡಿಗೆಯ ಹೆಸರುಗಳು ಅತ್ತಿಂದಿತ್ತ ಹೋಗಿಬರುವದು ಸಹಜವೇ. ಆದುದರಿಂದ ಹೆಸರಿನಿಂದ ದಾರಿಯು ತಿಳಿಯಬಹುದು, ಮೂಲವು ತಿಳಿಯದು.

ಉಳಿದದ್ದು ಸಂಯೋಗ. ನಮ್ಮ ಅಭಿಪ್ರಾಯದಲ್ಲಿ ಊರಿನ ಸ್ವಂತಿಕೆಯು ಇರುವದು ಇದರಲ್ಲಿಯೇ. ಇಳಕಲ್ಲ ಪದ್ಧತಿಯ ಸೀರೆಯನ್ನೇ ತೆಗೆದುಕೊಳ್ಳೋಣ. ಅದರ ಒಡಲು ಹಳೆಯ ಕ್ರಮದಲ್ಲಿ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು, ದಡಿಯೂ ರೇಷ್ಮೆಯದು. ಒಡಲು ನವಿಲಿನ ಕೊರಳ ಬಣ್ಣದ್ದೋ, ದಾಳಿಂಬದ ಬಣ್ಣದ್ದೋ, ಗಿಳಿಹಸುರಿನದೋ ಇರಲಿ, ಸೆರಗು ಮಾತ್ರ ಶುದ್ಧವಾದ ಕೆಂಪಾಗಿರಬೇಕು. ಇಲ್ಲಿ ನೇಕಾರನಿಗೆ ಒಂದು ತೊಡಕು ಒದಗುವದು. ಬಟ್ಟೆಯ ಬಣ್ಣಕ್ಕೆ ನೂಲಿನ ಬಣ್ಣವೇ ಕಾರಣ. ಹಾಸು ಒಂದು ಬಣ್ಣದ್ದು, ಹೊಕ್ಕು ಇನ್ನೊಂದು ಬಣ್ಣದ್ದು ಆದರೆ ಬಟ್ಟೆಯಲ್ಲಿ ಎರಡೂ ಬೆರೆತು ಮಿಶ್ರವರ್ಣವಾಗುವದು. ಹಸುರು ಹಾಸಿನ ಮೇಲೆ ಕೆಂಪು ಹೊಕ್ಕನ್ನು ಎಷ್ಟು ಹೊಡೆದರೂ ಕೆಂಪು ಶುದ್ಧವಾಗದು. ಇಡೀ ಸೀರೆಯ ಹಾಸನ್ನು ಕೆಂಪು ರೇಷ್ಮೆಯದನ್ನಾಗಿ ಮಾಡಿದರೆ ಒಡಲಿನ ಬಣ್ಣ ಕೆಡುವದು, ಬೆಲೆಯೂ ಬಡವರ ಕೈಗೆ ಎಟುಕದು.

ಈ ತೊಡಕನ್ನು ನಮ್ಮ ನೇಕಾರರು ಬಿಡಿಸಿದ ಬಗೆಯು ವಿಚಾರಾರ್ಹವಾಗಿದೆ. ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಒಡಲಿನ ಹಾಸಿನ ಕೊನೆಯ ಕುಣಿಕೆಗಳನ್ನು ಸೆರಗಿನ ಹಾಸಿನ ಕುಣಿಕೆಗಳಲ್ಲಿ ಒಂದೊಂದಾಗಿ ತೊಡರಿಸಿ, ಎರಡನ್ನೂ ಕೂಡಿಸಿ ಒಂದೇ ಹಾಸನ್ನಾಗಿ ಮಾಡುವರು. ಈ ಕೂಡಿಕೆಗೂ, ಹೀಗೆ ಕೂಡಿಸಿ ನೇಯ್ದ ಸೆರಗಿಗೂ ‘ತೋಪು ತೆನೆ’ ಅಥವಾ ‘ಟೋಪಿ ತೆನಿ’ ಎಂದು ಹೆಸರು. ದಡಿಯ ಬಣ್ಣವು ಒಡಲಿನ ಬಣ್ಣದೊಡನೆ ಬೆರೆಯಬಾರದಾದ್ದರಿಂದ ಎಡದಡಿಗೊಂದು, ಒಡಲಿಗೊಂದು, ಬಲದಡಿಗೊಂದು ಹೀಗೆ ಮೂರು ಲಾಳಿಗಳನ್ನು ನಡೆಸಿ, ಸಂಧಿಯಲ್ಲಿ ಹೊಕ್ಕಿನ ಎಳೆಗಳನ್ನು ಒಂದರಲ್ಲೊಂದು ಕೊಂಡಿಯಂತೆ ಸಿಕ್ಕಿಸುವರು. ಅದಕ್ಕೆ ‘ಕೊಂಡಿ’ ಎಂದೇ ಹೆಸರು. ಉದ್ದಕ್ಕೆ ತೆನೆಯ ಕೂಡಿಕೆ, ಅಡ್ಡಕ್ಕೆ ಕೊಂಡಿಯ ಕೂಡಿಕೆ. ಇವೆರಡೂ ಸೇರಿದಾಗ ಬಣ್ಣಗಳು ಬೆರೆಯದೆ ಬಟ್ಟೆಯು ಒಂದಾಗುವದು. ಇದರ ಫಲವಾಗಿ ಮತ್ತೊಂದು ನಿಯಮವೂ ಹುಟ್ಟಿತು. ಕೂಡಿಕೆಯ ಹಾಸು ಒಂದು ಸೀರೆಗೆ ಮಾತ್ರ ಆಗುವದು. ಹದಿನಾರು ಮೊಳದ್ದಿರಲಿ, ಹದಿನೆಂಟು ಮೊಳದ್ದಿರಲಿ, ಪ್ರತಿಯೊಂದು ಸೀರೆಗೂ ಹೊಸದಾಗಿ ಹಾಸು ಹೂಡಿ, ಹೊಸದಾಗಿ ಕುಣಿಕೆಗಳನ್ನು ತೊಡರಿಸಲೇಬೇಕು.

ಸೆರಗಿನಲ್ಲಿ ರೂಢಿಯ ಪ್ರಕಾರ ಮೂರು ಕೆಂಪು ಪಟ್ಟಿಗಳ ನಡುವೆ ಎರಡು ಬಿಳಿಯ ಪಟ್ಟಿಗಳು ಬರುವವು. ಇವುಗಳ ವಿನ್ಯಾಸಗಳಿಗೆ ಇರುವ ಹೆಸರುಗಳು ಮನೆ, ಹೊಲ, ಕೋಟೆ, ಬೆಟ್ಟಗಳಿಂದ ಬಂದವು: ಬಾಚಣಿಗೆಯಂತಿರುವದು ಹಣಿಗೆ, ಕೋಟೆಯ ಅಂಚಿನಂತಿರುವದು ಕೋಟಿ ಕಮ್ಲಿ, ಗುಡ್ಡದ ಸಾಲಿನಂತಿರುವದು ರಂಪ, ತೆನೆಯಂತಿರುವದು ತೋಪು ತೆನೆ. ಈ ಕೊನೆಯ ಹೆಸರಿನಲ್ಲಿ ಅರ್ಥಸಂದೇಹಕ್ಕೆ ಎಡೆಯಿದೆ. ಕನ್ನಡದಲ್ಲಿ ‘ತೆನೆ’ಗೆ ಜೋಳದ ತೆನೆಯೆಂಬ ಅರ್ಥವಿರುವಂತೆ ಕೋಟೆಯ ಗೋಡೆಯ ಮೇಲಣ ಹಲ್ಲುಗಳೆಂಬ ಅರ್ಥವೂ ಉಂಟು, ಕಾವ್ಯಾಭ್ಯಾಸಿಗಳಿಗೆ ಈ ಎರಡನೆಯ ಅರ್ಥವೇ ಮೊದಲು ಹೊಳೆಯುವದು. ನಮಗೂ ಹಾಗೆಯೇ ತೋರಿತ್ತು. ಬನಹಟ್ಟಿಯಲ್ಲಿ ಮಗ್ಗದ ಮನೆಯೊಂದರಲ್ಲಿ ಕುಳಿತು ಈ ಊಹೆಯನ್ನು ವೃದ್ಧ ನೇಕಾರರೊಬ್ಬರ ಮುಂದೆ ಸಪ್ರಮಾಣವಾಗಿ ನಿರೂಪಿಸಿದೆವು. ಅವರು ಲಾಳಿಯನ್ನು ನಿಲ್ಲಿಸಿ, ‘ಕೋಟಿಗೆ ಬ್ಯಾರೆ ಹೆಸರೈತಲ್ರೀ ಆಚಾರ್ರ. ತೆನಿ ಅಂದ್ರ ಹೊಲದಾಗಿನ ತೆನಿನಽ’ ಎಂದರು. ಉತ್ತರವು ಚಿಕ್ಕದು, ಯುಕ್ತಿಯು ದೊಡ್ಡದು. ಕೋಟೆಯ ವಿನ್ಯಾಸಕ್ಕೆ ಕೋಟಿ ಕಮ್ಲಿಯೆಂಬ ಹೆಸರು ಪ್ರತ್ಯೇಕವಾಗಿ ಇರುವಾಗ, ಅದೇ ಸಾಲಿನಲ್ಲಿ ಇನ್ನೊಂದು ವಿನ್ಯಾಸಕ್ಕೂ ಕೋಟೆಯ ಅರ್ಥವನ್ನೇ ಕಲ್ಪಿಸಿದರೆ ಪುನರುಕ್ತಿದೋಷವು ಬರುವದು. ಕೋಶವನ್ನು ನೋಡಿದ ನಮಗೆ ಎರಡು ಅರ್ಥಗಳು ಕಂಡವು. ಸಾಲನ್ನೆಲ್ಲ ಬಲ್ಲ ಅವರಿಗೆ ಒಂದೇ ಅರ್ಥವು ನಿಶ್ಚಯವಾಗಿತ್ತು. ಪ್ರಕರಣವು ಅರ್ಥನಿರ್ಣಾಯಕವೆಂದು ನಾವು ಪಾಠ ಹೇಳುತ್ತೇವೆ. ಅಂದು ಆ ಪಾಠವನ್ನು ನಾವೇ ಕೇಳಿದೆವು.

ಸೂಜಿಯ ಕೆಲಸವಾದ ಕಸೂತಿಯಲ್ಲಿಯೂ ಇದೇ ನ್ಯಾಯವು ಕಾಣುವದು. ಸೀರೆಯ ಮೇಲೆ ಗೋಪುರ, ತೇರು, ತುಲಸೀಕಟ್ಟೆ, ಆನೆ, ತೊಟ್ಟಿಲುಗಳನ್ನು ತೆಗೆಯುವ ಹೆಂಗಸರು ಮೊದಲು ಗೆರೆ ಬರೆದುಕೊಳ್ಳುವದಿಲ್ಲ. ನೆಯ್ಗೆಯ ಎಳೆಗಳನ್ನೇ ಎಣಿಸಿ ಸೂಜಿಯನ್ನು ಹಾಯಿಸುವರು. ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತಿ. ಮುರಿದು ಮುರಿದು ಮೆಟ್ಟಿಲಿನಂತೆ ಹೋಗುವದು ಮುರಗಿ. ನೇಯ್ದಂತೆ ಕಾಣುವದು ನೇಗಿ. ಮೆಂತ್ಯದ ಕಾಳಿನ ಹೆಸರು ಹೊತ್ತದ್ದು ಮೆಂತಿ. ಗವಂತಿಯು ‘ಗಂಟು’ ಶಬ್ದದಿಂದ ಬಂದದ್ದೆಂದು ಹೇಳುವದುಂಟು. ಆದರೆ ಗಂಟಿಲ್ಲದಿರುವದೇ ಆ ಹೊಲಿಗೆಯ ಹಿರಿಮೆ. ಬಟ್ಟೆಯ ಮುಂದೂ ಹಿಂದೂ ಒಂದೇ ರೂಪ ಕಾಣಬೇಕಾದರೆ ಗಂಟು ಇರಕೂಡದು. ಆದುದರಿಂದ ಆ ವ್ಯುತ್ಪತ್ತಿಯನ್ನು ವಿದ್ವಾಂಸರು ಮರುಪರಿಶೀಲಿಸಬೇಕೆಂದು ನಮ್ಮ ಸೂಚನೆ. ಇಲ್ಲಿಯೂ ದಾರವು ಎಲ್ಲಿಯದಾದರೂ ಇರಬಹುದು, ಸೂಜಿಯು ಎಲ್ಲಿಯದಾದರೂ ಇರಬಹುದು. ಎಣಿಸುವ ಕ್ರಮವು ಮಾತ್ರ ಈ ನಾಡಿನದು.

ಕೂಡಿಕೆಯನ್ನು ಬಲ್ಲವರು ನೇಯುವವರು ಮಾತ್ರವಲ್ಲ, ಉಡುವವರೂ ಬಲ್ಲರು. ಬೀಳಗಿ, ಮುಧೋಳಗಳ ಹಳ್ಳಿಗಳಲ್ಲಿ ಮಗಳ ಉಡಿ ತುಂಬುವಾಗ ಸೀರೆಯೊಡನೆ ಖಣವಿರಬೇಕು; ಬಸುರಿಗೆ ‘ಕುಬಸ’ದ ಕಾರ್ಯವನ್ನು ಮಾಡಬೇಕು. ‘ಕುಬಸ’ವು ಸಂಸ್ಕೃತದ ‘ಕೂರ್ಪಾಸ’ದಿಂದ ‘ಕುಪ್ಪಸ’ವಾಗಿ ಇಳಿದು ಬಂದ ತದ್ಭವ. ‘ಖಣ’ವು ಮರಾಠಿಗೂ ನಮಗೂ ಸಮಾನವಾದ ಮಾತು, ಮನೆಯ ಅಂಕಣಕ್ಕೂ ಅದೇ ಹೆಸರು, ಅಳತೆಗೊಳಗಾದ ತುಂಡು ಎಂಬ ಭಾವವು ಎರಡರಲ್ಲಿಯೂ ಸಮಾನ. ಇಂಥ ಸಂಸ್ಕಾರಗಳು ನಿಂತುಹೋಗದಿರುವ ವರೆಗೆ ಸೆರಗಿನ ಕೂಡಿಕೆಯನ್ನು ಬೆರಳಿನಿಂದ ತಡವಿ ನೋಡಿ ಒಪ್ಪುವ ಹಿರಿಯರೂ ಇರುವರು. ನೇಯುವ ಕೈ, ಗುರುತಿಸುವ ಕೈ ಎರಡೂ ಇದ್ದಲ್ಲಿ ಮಾತ್ರ ಕಸಬು ಊರಿನದಾಗುವದು.

ಇಷ್ಟು ಹೇಳಿದ ಮೇಲೆ ಈ ವಿಚಾರವು ಇಂದು ಏಕೆ ಅವಶ್ಯವೆಂಬುದು ಸ್ಪಷ್ಟವಾಗುವದು. ರಬಕವಿ-ಬನಹಟ್ಟಿಗಳು ಇಂದು ವಿದ್ಯುನ್ಮಗ್ಗಗಳ ಊರುಗಳಾಗಿವೆ. ಅದರಿಂದ ಸಾವಿರಾರು ಮನೆಗಳು ಉಣ್ಣುತ್ತಿವೆ. ಅದನ್ನು ನಿಂದಿಸುವದು ನಮ್ಮ ಉದ್ದೇಶವಲ್ಲ. ಆದರೆ ವಿದ್ಯುನ್ಮಗ್ಗವು ಅನೇಕ ಸೀರೆಗಳಿಗೆ ಸಾಲುವ ಉದ್ದನೆಯ ಅಖಂಡ ಹಾಸನ್ನು ಬೇಡುವದು. ಒಂದೊಂದು ಸೀರೆಗೆ ಕುಣಿಕೆ ತೊಡರಿಸುತ್ತ ಕುಳಿತರೆ ಅದಕ್ಕೆ ಲಾಭವಿಲ್ಲ. ಆದುದರಿಂದ ಅದು ಸೆರಗಿನ ಚಿತ್ರವನ್ನು ಉಳಿಸಿಕೊಂಡು ಕೂಡಿಕೆಯನ್ನು ಕೈಬಿಡುವದು. ದೂರದಿಂದ ನೋಡಿದವರಿಗೆ ಸೀರೆಯು ಅದೇ. ತೆನೆಯ ಆಕಾರವೂ ಉಂಟು. ಸಂಯೋಗ ಮಾತ್ರ ಇಲ್ಲ. ನಮ್ಮ ದೃಷ್ಟಾಂತದ ಮಾತಿನಲ್ಲಿ ಹೇಳುವದಾದರೆ, ಹೆಸರು ಉಳಿದಿದೆ, ಅಸಮವಾಯಿಕಾರಣವು ಹೋಗಿದೆ.

ಸರಕಾರದ ಕಾನೂನುಗಳೂ ಈ ತತ್ತ್ವವನ್ನು ಒಂದು ಬಗೆಯಿಂದ ಒಪ್ಪಿಕೊಂಡಿವೆ. ೧೯೯೯ರಲ್ಲಿ ಅಂಗೀಕೃತವಾಗಿ ೨೦೦೩ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಅಧಿನಿಯಮದ ಮೇರೆಗೆ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಕಸೂತಿ ಈ ಮೂರಕ್ಕೂ ಮನ್ನಣೆ ದೊರೆತಿದೆ. ತಯಾರಿಸಿದ ವಸ್ತುವಿನ ವಿಷಯದಲ್ಲಿ ಆ ಅಧಿನಿಯಮವು ಉತ್ಪಾದನೆ, ಸಂಸ್ಕರಣ, ಸಿದ್ಧತೆಗಳಲ್ಲಿ ಯಾವುದಾದರೊಂದು ಕ್ರಿಯೆ ಆ ಪ್ರದೇಶದಲ್ಲಿ ನಡೆಯಬೇಕೆಂದು ವಿಧಿಸುವದು. ಅಂದರೆ ನೂಲು ಹೊರಗಿನದಾದರೂ ಬಾಧಕವಿಲ್ಲ. ಜಪಾನಿನಲ್ಲಿ ೧೯೭೪ರಲ್ಲಿಯೇ ಆದ ಪಾರಂಪರಿಕ ಕಸಬುಗಳ ಕಾನೂನು ಇನ್ನೂ ಮುಂದೆ ಹೋಗಿ, ವಸ್ತುವು ನಿತ್ಯಜೀವನದಲ್ಲಿ ಬಳಕೆಯಾಗುತ್ತಿರಬೇಕು, ಮುಖ್ಯಭಾಗವು ಕೈಕೆಲಸದಿಂದ ಆಗಿರಬೇಕು, ಪರಂಪರೆಯ ವಿಧಾನದಿಂದ ಸಿದ್ಧವಾಗಿರಬೇಕು, ಒಂದು ಸೀಮೆಯಲ್ಲಿ ಸಾಕಷ್ಟು ಜನರು ಆ ಕಸಬಿನಲ್ಲಿ ಇರಬೇಕು ಎಂಬ ನಿಬಂಧನೆಗಳನ್ನು ಹಾಕಿದೆ. ಬಳಕೆ, ಕೈ, ವಿಧಾನ, ಜನ. ಬರಿಯ ಸ್ಥಳವನ್ನಷ್ಟೇ ಹಿಡಿದರೆ ಕಸಬಿನ ಹೆಸರು ಉಳಿದು ಕಸಬು ಹೋಗುವದೆಂಬುದನ್ನು ಅವರು ಮೊದಲೇ ಮನಗಂಡಿರಬೇಕು.

ಇದರಲ್ಲಿ ನಮ್ಮಂಥ ಪಂಡಿತರಿಗೂ ಶಿಕ್ಷಕರಿಗೂ ಕೆಲಸವ್ಯಾವುದು? ಕೂಡಿಕೆಯನ್ನು ಉಳಿಸುವದು ನಮ್ಮ ಕೈಯಲ್ಲಿಲ್ಲ. ಕೂಡಿಕೆಯ ಮಾತನ್ನು ಉಳಿಸುವದು ನಮ್ಮ ಕೈಯಲ್ಲಿದೆ. ಹಾಸು, ಹೊಕ್ಕು, ಉಂಕಿ, ಕಂಡಿಕೆ, ಕೊಂಡಿ, ತೆನೆ ಮೊದಲಾದ ಶಬ್ದಗಳನ್ನು ಕೋಶದಿಂದ ಅಲ್ಲ, ಮಗ್ಗದ ಬದಿಯಲ್ಲಿ ಕುಳಿತು ಬರೆದುಕೊಳ್ಳಬೇಕು. ಒಂದೊಂದನ್ನೇ ಬಿಡಿಬಿಡಿಯಾಗಿ ಅಲ್ಲ, ಅದರ ಸಾಲಿನೊಡನೆ, ಅದು ಹೇಳುವ ಕ್ರಿಯೆಯೊಡನೆ ಬರೆದುಕೊಳ್ಳಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಶಾಲೆಗಳಲ್ಲಿ ಕನ್ನಡವನ್ನು ಕಲಿಸುವವರು ತಮ್ಮ ವಿದ್ಯಾರ್ಥಿಗಳಲ್ಲಿ ನೇಕಾರರ ಮಕ್ಕಳೆಷ್ಟೋ ಇರುವರೆಂಬುದನ್ನು ನೆನೆದರೆ ಸಾಕು. ಈ ಕೆಲಸಕ್ಕೆ ಬೇರೆ ಸಂಶೋಧಕರನ್ನು ಹುಡುಕಬೇಕಾಗಿಲ್ಲ. ಹುಡುಗನು ತನ್ನ ಅಜ್ಜನನ್ನು ಕೇಳಿಕೊಂಡು ಹತ್ತು ಮಾತುಗಳನ್ನು ಬರೆದು ತರಲಿ. ಓತಪ್ರೋತವೆಂಬ ಶಬ್ದವನ್ನು ಅವನಿಗೆ ನಾವು ಕಲಿಸೋಣ. ಕುಣಿಕೆಯನ್ನು ತೊಡರಿಸುವದು ಹೇಗೆಂಬುದನ್ನು ಅವನಿಂದ ನಾವು ಕಲಿಯೋಣ.